ಹದಿನಾಲ್ಕು ಹಲ್ಲಿನ ಹಟ

ಮನುಷ್ಯನಿಗೆ ವಯಸ್ಸು ಮೊದಲು ಆಗುವುದು ಬೇರೆಯವರ ಬಾಯಲ್ಲಿ. ಅವನ ಮೈಗೆ ಆ ಸುದ್ದಿ ತಲುಪುವುದು ಎಷ್ಟೋ ವರ್ಷಗಳ ಮೇಲೆ. ನನಗೆ ಅದು ತಲುಪಿದ್ದು ಲಷ್ಕರ್ ಮೊಹಲ್ಲಾದ ಸೈಕಲ್ ರಿಪೇರಿ ಅಂಗಡಿಯಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ. ನಾನು ಕಡಕೊಳದ ಸ್ಕೂಲಿನಲ್ಲಿ ಮೇಷ್ಟ್ರು. ದಿನವೂ ಬೆಳಿಗ್ಗೆ ಮಂಡಕಳ್ಳಿ ಹಾದು ಸೈಕಲ್ಲಿನಲ್ಲಿ ಹೋಗುತ್ತೇನೆ, ಸಾಯಂಕಾಲ ಸೈಕಲ್ಲಿನಲ್ಲೇ ಮನೆಗೆ ಬರುತ್ತೇನೆ. ಈ ಚಳಿಗಾಲ ಶುರುವಾಗುವ ಹೊತ್ತಿಗೆ ಹಿಂದಿನ ಗಾಲಿಯ ಹಲ್ಲುಚಕ್ರ ಸವೆದು ಚೈನು ಜಾರತೊಡಗಿತು. ಅಂಗಡಿಯ ಗಫಾರ್ ಸಾಹೇಬರು ಗಾಲಿಯನ್ನು ತಿರುಗಿಸಿ ನೋಡಿ, "ಈ ಸಲ ಇಪ್ಪತ್ತು ಹಲ್ಲಿಂದು ಹಾಕ್ಬಿಡ್ತೀನಿ ಮೇಷ್ಟ್ರೇ. ತುಳಿಯೋಕೆ ಹಗುರ. ನಿಮಗೂ ಉಮರ್ ಆಯ್ತಲ್ಲ" ಎಂದರು. ಬಹಳ ಪ್ರೀತಿಯಿಂದ ಹೇಳಿದರು. ಅದಕ್ಕೇ ಉರಿಯಿತು. "ನಿಮ್ಮಲ್ಲಿ ಎಲ್ಲಕ್ಕಿಂತ ಕಡಿಮೆ ಹಲ್ಲಿನದು ಯಾವುದು?" ಎಂದೆ. "ಹದಿನಾಲ್ಕು. ಅದು ರೇಸ್ ಓಡಿಸೋ ಪಡ್ಡೆಗಳಿಗೆ." "ಅದನ್ನೇ ಹಾಕಿ" ಎಂದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಿಂದಿನ ಚಕ್ರದಲ್ಲಿ ಹಲ್ಲು ಕಡಿಮೆಯಾದಷ್ಟೂ ತುಳಿಯುವುದು ಕಷ್ಟ, ಆದರೆ ಒಂದೊಂದು ತುಳಿತಕ್ಕೂ ಗಾಡಿ ಹೆಚ್ಚು ದೂರ ಹೋಗುತ್ತದೆ. ಚಳಿಗಾಲದಲ್ಲಿ ಕಷ್ಟದ ಚಕ್ರ ತುಳಿದು ಕಾಲು ಪಳಗಿಸಿಕೊಂಡರೆ ಬೇಸಗೆಯಲ್ಲಿ ಹಾರಿಕೊಂಡು ಹೋಗಬಹುದು ಎಂದು ನಾನು ಮನೆಯಲ್ಲಿ ಭಾಷಣ ಮಾಡಿದೆ. ಇಪ್ಪತ್ತು ಹಲ್ಲಿನವರು ಬೆಂಕಿ ತುಳಿದವರ ಹಾಗೆ ಕಾಲು ಬಡಿಯುತ್ತಾರೆ. ಕಚ್ಚೆ ಪಂಚೆ, ಕೋಟು, ರುಮಾಲು ತೊಟ್ಟ ಉಪಾಧ್ಯಾಯನಿಗೆ ಅದು ಶೋಭಿಸುವುದಿಲ್ಲ ಎಂದೂ ಹೇಳಿದೆ. ನನ್ನ ಹೆಂಡತಿ ಲೂರ್ದಮ್ಮ ಅವರೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿದಳು. "ಸರಿ. ಆದ್ರೆ ಒಂದು ದಿನ ಸುಸ್ತಾಗಿ ಸೈಕಲ್ ತಳ್ಕೊಂಡು ಬಂದ್ಬುಟ್ರೆ, ಮಾರನೇ ದಿನದಿಂದ ನಿಮಗೆ ರೈಲು ಕಣ್ರೀ. ಸೈಕಲ್ಲು ಚೌರಪ್ಪಂಗೆ" ಎಂದಳು. ಚೌರಪ್ಪ ಅವಳ ತಮ್ಮ. ನನ್ನ ಸೈಕಲ್ಲಿನ ಗಂಟೆಯನ್ನು ಮುಟ್ಟದೆ ಅವನು ನಮ್ಮ ಮನೆಯೊಳಗೆ ಕಾಲಿಟ್ಟದ್ದೇ ಇಲ್ಲ. ನಾನು ಎದೆ ಸೆಟೆಸಿ ಒಪ್ಪಿಕೊಂಡೆ. ಒಪ್ಪಿಕೊಂಡ ರಾತ್ರಿ ನಿದ್ದೆ ಬರಲಿಲ್ಲ. ಮನೆಯಲ್ಲಿ ಐದು ಮಕ್ಕಳು, ಸ್ಕೂಲಿನಲ್ಲಿ ಅರವತ್ತು. ನಡುವೆ ಯಾರೂ ಏನೂ ಕೇಳದೆ ನಾನು ನಾನಾಗಿರುವ ಹೊತ್ತು ಆ ಸೈಕಲ್ಲಿನ ಮೇಲಿನ ಹೊತ್ತೊಂದೇ. ಅದು ಹೋದರೆ ನನಗೆ ಉಳಿಯುವುದೇನು?

ಬೆಳಗಿನ ದಾರಿ ಹೆಚ್ಚಾಗಿ ಇಳಿಜಾರು. ಸಂಜೆ ಊರಿನ ಹತ್ತಿರ ಬರುವ ಏರೊಂದೇ ಶತ್ರು. ಅದನ್ನೂ ಗೆಲ್ಲುತ್ತಿದ್ದೆ, ಆದರೆ ಒಂದು ವಿಷಯವನ್ನು ಮರೆತಿದ್ದೆ, ಅಷ್ಟೆ. ನಮ್ಮ ಕಡೆ ಸೈಕಲ್ ಸವಾರನಿಗೆ ಒಂದು ಮರ್ಯಾದೆಯಿದೆ. ಹಿರಿಯರು, ಗುರುಗಳು, ಪಟೇಲರು ಎದುರಿಗೆ ಬಂದರೆ ಇಳಿಯಬೇಕು. ಕೈ ಮುಗಿದು, ಮಳೆ ಬೆಳೆ ವಿಚಾರಿಸಿ, ಅವರು ದಾಟಿದ ಮೇಲೆ ಹತ್ತಬೇಕು. ಹಳೆಯ ಚಕ್ರದಲ್ಲಿ ಇದು ನೀರು ಕುಡಿದಷ್ಟು ಸುಲಭವಾಗಿತ್ತು. ಹದಿನಾಲ್ಕು ಹಲ್ಲಿನದರಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಮಲಗಿದ ಎತ್ತನ್ನು ಎಬ್ಬಿಸಿದಂತೆ. ಮೈಲಿಗಲ್ಲು ಹುಡುಕಿ, ಅದರ ಮೇಲೆ ಕಾಲಿಟ್ಟು, ದೇವರ ಮೇಲೆ ಭಾರ ಹಾಕಿ ಒದೆಯಬೇಕು. ಏರಿನಲ್ಲಿ ನಿಂತರಂತೂ ಮುಗಿಯಿತು, ಮನೆಯವರೆಗೂ ತಳ್ಳುವುದೇ.

ಆದ್ದರಿಂದ ನಾನು ಇಳಿಯುವುದನ್ನು ಬಿಟ್ಟೆ. ಕುಳಿತಲ್ಲಿಂದಲೇ ರುಮಾಲಿಗೆ ಕೈ ಹಚ್ಚಿ ತಲೆ ಬಾಗಿಸಿ ಹೋಗತೊಡಗಿದೆ. ಮಂಡಕಳ್ಳಿಯ ಪಟೇಲ್ ಸಿದ್ದೇಗೌಡರು ಎರಡು ದಿನ ನೋಡಿದರು. ಮೂರನೆಯ ದಿನ, "ಏನ್ ಮೇಷ್ಟ್ರೇ, ಇಳೀದಂಗೇ ಓಯ್ತಾ ಇದ್ದೀರಿ. ನಾವೇನಾರಾ ತಪ್ ಮಾಡಿದ್ವಾ?" ಎಂದು ಕೂಗಿದರು. ನಾಚಿಕೆಯಾಯಿತು. ಆದರೂ ತುಳಿದೆ. ರೇಸಿನ ಸವಾರನ ಕಾಲದ ಬೆಲೆ ಹಳ್ಳಿಯವರಿಗೇನು ಗೊತ್ತು ಎಂದು ಸಮಾಧಾನ ಮಾಡಿಕೊಂಡೆ. ನನ್ನನ್ನು ಯಾವ ರೇಸಿಗೂ ಯಾರೂ ಕರೆದಿರಲಿಲ್ಲ.

ಕ್ರಿಸ್ಮಸ್ಸಿಗೆ ಎರಡು ವಾರವಿತ್ತು. ಆ ಸಂಜೆ ಏರಿನ ನಡುವೆ, ಸೀಟಿನಿಂದ ಎದ್ದು ನಿಂತು, ಹಲ್ಲು ಕಚ್ಚಿಕೊಂಡು ತುಳಿಯುತ್ತಿದ್ದೆ. ಎದುರಿಗೆ ನಮ್ಮ ದೇವಾಲಯದ ಪಾದ್ರಿ ಸ್ವಾಮಿಗಳು ನಡೆದು ಬರುತ್ತಿದ್ದರು. ಅವರ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಲೂರ್ದಮ್ಮ, ಪಕ್ಕದಲ್ಲಿ ಚೌರಪ್ಪ. ಮೂವರೂ ಯಾವುದೋ ರೋಗಿಯ ಮನೆಗೆ ಹೊರಟಿದ್ದರಂತೆ. ಇಳಿದರೆ ತಳ್ಳಬೇಕು, ತಳ್ಳಿದರೆ ಸೈಕಲ್ಲು ಹೋಯಿತು. ಸ್ವಾಮಿಗಳು ಆಶೀರ್ವಾದಕ್ಕೆ ಕೈ ಎತ್ತಿ ನಿಂತೇಬಿಟ್ಟರು. ನಾನು ಅವರ ಕೈ ಕೆಳಗೇ ತೂರಿಕೊಂಡು ಹೋದೆ.

ಮನೆಗೆ ಬಂದು ಲೂರ್ದಮ್ಮ ಬೈಯಲಿಲ್ಲ. "ಶನಿವಾರ ಪಾಪನಿವೇದನೆಗೆ ಹೋಗಿ" ಎಂದಷ್ಟೇ ಹೇಳಿ ತಟ್ಟೆ ಇಟ್ಟಳು. ಹೋದೆ. ಮೊಣಕಾಲೂರುವಾಗಲೇ ಏರು ತುಳಿದ ನೋವಿಗೆ ಅಮ್ಮಾ ಎಂದೆ. ಎಲ್ಲವನ್ನೂ ಒಪ್ಪಿಕೊಂಡೆ, ಚಕ್ರ ಬದಲಾಯಿಸುವುದಿಲ್ಲ ಎಂಬುದನ್ನೂ ಸೇರಿಸಿ. ಸ್ವಾಮಿಗಳು ನಗುತ್ತಿದ್ದರೋ ಏನೋ, ಪರದೆಯ ಆಚೆ ಕಾಣಲಿಲ್ಲ. "ಒಂದು ವಾರ ದಾರಿಯಲ್ಲಿ ಎದುರು ಸಿಕ್ಕ ಪ್ರತಿಯೊಬ್ಬ ಹಿರಿಯನಿಗೂ ಇಳಿ" ಎಂದು ಪ್ರಾಯಶ್ಚಿತ್ತ ವಿಧಿಸಿದರು.

ಇಳಿದೆ. ಸಿದ್ದೇಗೌಡರಿಗೆ ಇಳಿದೆ, ಸೊಪ್ಪಿನ ಮುದುಕಿಗೆ ಇಳಿದೆ, ಗಾಡಿ ಹೊಡೆಯುವವರಿಗೆ ಇಳಿದೆ. ಅರ್ಧ ದಾರಿ ತಳ್ಳಿಕೊಂಡೇ ನಡೆದೆ. ಚೌರಪ್ಪ ಸೈಕಲ್ಲು ಕೇಳಲು ಬಂದಾಗ ಲೂರ್ದಮ್ಮ ನ್ಯಾಯ ಹೇಳಿದಳು: "ಮರ್ಯಾದೆಗೆ ಇಳಿದ್ರೆ ಲೆಕ್ಕಕ್ಕಿಲ್ಲ ಕಣೋ. ಸುಸ್ತಿಗೆ ಇಳಿದ್ರೆ ಮಾತ್ರ." ಮಂಡಕಳ್ಳಿಯಲ್ಲಿ ನನ್ನ ವಿನಯದ ಮಾತೇ ಮಾತು. "ಎಂಥಾ ಮನುಷ್ಯ ಅಂತೀನಿ" ಎಂದು ಸಿದ್ದೇಗೌಡರು ಒಂದು ಗೊನೆ ಬಾಳೆಹಣ್ಣು ಕಳಿಸಿದರು. ನಾಚದೆ ತಿಂದೆ.

ಆ ವಾರ ಮುಗಿದು ಒಂದು ತಿಂಗಳಾಯಿತು. ನಾನು ಇನ್ನೂ ಇಳಿಯುತ್ತಿದ್ದೇನೆ. ಚೌರಪ್ಪನಿಗೆ ಅನುಮಾನ ಬಂದಿದೆ. ಈಗ ಸಂಜೆಯ ಹೊತ್ತು ಗಾಳಿಸೇವನೆಯ ನೆಪದಲ್ಲಿ ಏರಿನ ತುದಿಯ ಮೋರಿಯ ಮೇಲೆ ಬಂದು ಕೂರುತ್ತಾನೆ. ಮೊನ್ನೆಯೂ ಕೂತಿದ್ದ. ನಾನು ಅರ್ಧ ಏರಿದ್ದೆ, ಸೈಕಲ್ಲು ಇನ್ನೇನು ನಿಲ್ಲುವ ಹಾಗಿತ್ತು, ದಾರಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಅಪ್ಪಾ ದೇವರೇ, ಯಾರಾದರೂ ಒಬ್ಬ ಹಿರಿಯರನ್ನು ಕಳಿಸು ಎಂದು ಬೇಡಿಕೊಂಡೆ. ಹುಲ್ಲಿನ ಹೊರೆ ಹೊತ್ತ ಒಬ್ಬ ಬಂದ. ಮುಖ ಕಾಣಲಿಲ್ಲ. ಧಡಕ್ಕನೆ ಇಳಿದು ಕೈ ಮುಗಿದೆ.

ಹೊರೆಯ ಕೆಳಗಿನಿಂದ ಗಾಬರಿಯ ದನಿ ಬಂತು. "ಅಯ್ಯೋ, ನೀವ್ಯಾಕೆ ಇಳಿದ್ರಿ ಮೇಷ್ಟ್ರೇ? ನಾನು ನಿಮ್ಮತ್ರಾನೇ ಓದಿದ ಮಾದಯ್ಯ ಅಲ್ವಾ."

ಮೇಲೆ ಚೌರಪ್ಪ ಎದ್ದು ನಿಂತ. ನನಗೆ ಹಿಡಿಯಲು ಬೇರೆ ಹುಲ್ಲುಕಡ್ಡಿ ಇರಲಿಲ್ಲ. "ಗೊತ್ತು ಕಣೋ. ನಿನ್ನ ಪರೀಕ್ಷೆ ಮಾಡೋಕೇ ಇಳಿದದ್ದು. ಹತ್ತೊಂಬತ್ತರ ಮಗ್ಗಿ ಹೇಳು" ಎಂದೆ. ಹೊರೆ ಹೊತ್ತೇ ಶುರುಮಾಡಿದ, ಹತ್ತೊಂಬತ್ತೇಳ್ಲಿ ಎಂಬಲ್ಲಿಗೆ ಬಂದು ತಡವರಿಸಿದ. ಇಪ್ಪತ್ತೆರಡು ವರ್ಷದ ನನ್ನ ಉಪಾಧ್ಯಾಯ ವೃತ್ತಿಯಲ್ಲಿ ಮೊದಲ ಸಲ ನಾನು ಸೈಕಲ್ಲಿಗೆ ಒರಗಿಕೊಂಡು, "ನಿಧಾನವಾಗಿ ಯೋಚನೆ ಮಾಡಪ್ಪ, ಅವಸರವೇನಿಲ್ಲ" ಎಂದೆ.