ಅದ್ಮೇತ ಮಹಾರಾಜನ ಹರ್ನಿಯಾ

ಪರೇಲಿನ ಆಸ್ಪತ್ರೆಗೆ ಹೋಗದಿರಲು ರಮಾನಾಥನಿಗೆ ನಾಲ್ಕನೆಯ ನೆಪವೊಂದು ಬೇಕಾಗಿತ್ತು. ಭಾನುವಾರ ಬೆಳಿಗ್ಗೆ ಅದು ತಾನಾಗಿಯೇ ಫೋನು ಮಾಡಿತು.

ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಹಿಟ್ಟಿನ ಪಾತ್ರೆ ಎತ್ತಿ, ದೋಸೆ ಹೊಯ್ದು ಅವನಿಗೆ ಹರ್ನಿಯಾ ಆಗಿತ್ತು. ಇನ್ನೂ ತಡಮಾಡಿದರೆ ಕರುಳು ಸಿಕ್ಕಿಕೊಂಡು ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು. ಆದರೆ ಈರುಳ್ಳಿ ಹೆಚ್ಚುವ ಕತ್ತಿಯ ಹೊರತು ಬೇರಾವ ಕತ್ತಿಯನ್ನೂ ನಂಬುವ ಮನುಷ್ಯ ಅವನಲ್ಲ. ಮೊದಲ ಸಲ ಆಷಾಢ ಅಡ್ಡ ಬಂತು, ಎರಡನೆಯ ಸಲ ಯಾರದೋ ಮದುವೆ, ಮೂರನೆಯ ಸಲ ಲೋಕಲ್ ರೈಲುಗಳನ್ನೆಲ್ಲ ನಿಲ್ಲಿಸಿದ ಮೆಗಾಬ್ಲಾಕ್. ನಾಳೆ ಸೋಮವಾರ ಏಳಕ್ಕೆ ಮತ್ತೆ ಭರ್ತಿಯಾಗಬೇಕಿತ್ತು. ಹೆಂಡತಿ ರಾಜೀವಿ ಈ ಸಲ ಜಗಳವನ್ನೇ ಆಡಿರಲಿಲ್ಲ.

ಫೋನು ಮಾಡಿದವನು ಭಾಂಡುಪಿನ ಯಕ್ಷಗಾನ ಸಂಘದಲ್ಲಿ ಪದ ಹಾಡುವ ಭಾಗವತ ಧನರಾಜ್. ಮಧ್ಯಾಹ್ನದ ತಾಳಮದ್ದಳೆಯಲ್ಲಿ ರಾಜನಾಗಬೇಕಿದ್ದ ಕಾಂತಪ್ಪನಿಗೆ ಜ್ವರ ಬಂದು ಸ್ವರವೇ ಹೋಗಿದೆ, ಅವನ ಬದಲು ರಮಾನಾಥನೇ ಕೂರಬೇಕು ಎಂದ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನಲ್ಲಿ ಕತೆ ನಡೆಸುವುದಷ್ಟೇ. ಮಾತನ್ನು ಆ ಕ್ಷಣದಲ್ಲೇ ಹುಟ್ಟಿಸಿಕೊಳ್ಳಬೇಕು. ಇನ್ನೊಂದು ದಿನವಾದರೆ ರಮಾನಾಥ ಕೈಮುಗಿದು ತಪ್ಪಿಸಿಕೊಳ್ಳುತ್ತಿದ್ದ. ಆದರೆ ಹೋಟೆಲಿನಲ್ಲಿ ಅವನ ಬದಲಿಗೆ ದೋಸೆಕಲ್ಲಿನ ಮುಂದೆ ನಿಲ್ಲುವವನೂ ಇದೇ ಕಾಂತಪ್ಪ. ಕಾಂತಪ್ಪನಿಗೆ ಜ್ವರವೆಂದರೆ ರಮಾನಾಥನಿಗೆ ರಜೆಯಿಲ್ಲ. ರಜೆಯಿಲ್ಲವೆಂದರೆ ಆಪರೇಷನ್ನೂ ಇಲ್ಲ. ಅವನು ಸಂತೋಷದಿಂದ ಒಪ್ಪಿಕೊಂಡ.

ಸುದ್ದಿ ಬಿಲ್ಡಿಂಗಿನಲ್ಲೆಲ್ಲ ಹಬ್ಬಿತು. ಎರಡನೆಯ ಮಾಳಿಗೆಯ ಶೈಲಾ ಗಂಟಲಿಗೆಂದು ಕರಿಮೆಣಸಿನ ಕಷಾಯ ತಂದು ಕುಡಿಸಿದಳು. ಪ್ರಸಂಗವೂ ಹೊಸದು. ಮಗಳು ನಿಖಿತಾ ಕಾಲೇಜಿನಲ್ಲಿ ಓದಿದ ಗ್ರೀಕರ ಪುರಾಣ ಕತೆಯನ್ನು ಅರ್ಧ ಹಿಂದಿಯಲ್ಲಿ ಹೇಳಿದ್ದಳು. ಸಂಘದಲ್ಲಿ ಪಾತ್ರಗಳ ಮಾತಾಡುವ ಅರ್ಥಧಾರಿಣಿ ರಾಜೀವಿ ಅದನ್ನು ಧನರಾಜನಿಂದ ಪದ್ಯ ಮಾಡಿಸಿದ್ದಳು. ಅದ್ಮೇತನೆಂಬ ರಾಜನಿಗೆ ಸಾವು ಬಂದಿದೆ. ಬದಲಿಗೆ ಯಾರಾದರೂ ಸತ್ತರೆ ಅವನು ಬದುಕಬಹುದು. ಮುದಿ ತಂದೆತಾಯಿಯೂ ಒಲ್ಲೆನ್ನುತ್ತಾರೆ. ರಾಣಿ ಅಲ್ಸೆಸ್ತಿ ಒಪ್ಪಿ ಸಾಯುತ್ತಾಳೆ. ಕೊನೆಗೆ ಮಹಾವೀರ ಹೆರಾಕ್ಲಿಸ್ ಸಾವಿನೊಡನೆ ಕುಸ್ತಿ ಹಿಡಿದು ಅವಳನ್ನು ಬಿಡಿಸಿ ತರುತ್ತಾನೆ.

ರಾಣಿ ರಾಜೀವಿಯೇ. ಹೆರಾಕ್ಲಿಸ್ ಆಗಿ ವಿಜಯಪುರದ ಖಂಡಪ್ಪ ಹದಿನೈದು ದಿನದಿಂದ ಬಾತ್‌ರೂಮಿನಲ್ಲಿ ಗರ್ಜಿಸಿ ತಯಾರಾಗಿದ್ದ.

ಮಧ್ಯಾಹ್ನ ಸಭಾಗೃಹ ತುಂಬಿತು. ಮದ್ದಳೆ ನುಡಿಯಿತು, ಧನರಾಜ್ ಪದ ಹಾಡಿ ನಿಲ್ಲಿಸಿದ. ಈಗ ರಾಜನು ರಾಣಿಯನ್ನು, ನನಗಾಗಿ ನೀನು ಸಾಯುವೆಯಾ ಎಂದು ಕೇಳಬೇಕು.

ರಮಾನಾಥ ಎದುರು ಕೂತ ರಾಜೀವಿಯನ್ನು ನೋಡಿದ. ಅವನಿಗೆ ಟೈಫಾಯ್ಡ್ ಆದ ವರ್ಷ ಇಪ್ಪತ್ತೊಂದು ದಿನ ಗಂಜಿ ಉಣಿಸಿದ ಕೈ ಮಡಿಲಲ್ಲಿತ್ತು. ಅವನಿಗೆ ದುಃಖ ಒತ್ತರಿಸಿ ಬಂತು. ಧನರಾಜ್ ಅದೇ ಪದವನ್ನು ಎರಡನೆಯ ಸಲ, ಮೂರನೆಯ ಸಲ ಹಾಡಿದ.

"ಪ್ರಭುಗಳು ಮೌನವೇಕೆ?" ಎಂದಳು ರಾಣಿ. "ಬೇಕಾದ್ದನ್ನು ಕೇಳಬಹುದು."

"ಕೇಳುವುದಿಲ್ಲ," ಎಂದ ರಾಜ. ಆಮೇಲೆ ಸಿಂಹಾಸನದಿಂದ ನೇರ ಅಡುಗೆಮನೆಯ ಮಾತಿಗೆ ಇಳಿದುಬಿಟ್ಟ. "ನನಗೆ ಬಂದದ್ದಕ್ಕೆ ನೀನು ಯಾಕೆ ಹೋಗುದು ಮಾರಾಯ್ತಿ? ನಾನೇ ಹೋಗ್ತೇನೆ. ನೀನು ಇಲ್ಲದ ಮನೆಯಲ್ಲಿ ಬದುಕಿ ನಾನು ಎಂತ ಮಾಡುದು?"

ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು. ಖಂಡಪ್ಪ ಮಾತ್ರ ಗಾಬರಿಯಾಗಿ ಧನರಾಜನ ಕಿವಿಯಲ್ಲಿ, "ಅಕ್ಕಾರು ಸಾಯ್ಲಿಲ್ಲಂದ್ರ ನಾ ಯಾರನ್ನ ಉಳಸ್ಲಿರಿ?" ಎಂದ.

ರಾಜೀವಿ ಗಂಡನನ್ನೇ ನೋಡುತ್ತಿದ್ದಳು. "ಪ್ರಭುಗಳಿಗೆ ಹೆದರಿಕೆಯಿಲ್ಲವೇ?"

"ಇಲ್ಲ," ಎಂದ ರಮಾನಾಥ. ಚಪ್ಪಾಳೆ ಬಿತ್ತು. ಅದರ ಅಮಲಿನಲ್ಲಿ ಎದೆಯುಬ್ಬಿಸಿ, "ಸಭಿಕರೇ ಸಾಕ್ಷಿ. ಎಲ್ಲಿಗೆ ಕರೆದರೂ ಬರುತ್ತೇನೆ," ಎಂದು ಸೇರಿಸಿದ.

"ಹಾಗಾದರೆ ನಾಳೆ ಬೆಳಿಗ್ಗೆ ಪರೇಲಿಗೆ," ಎಂದಳು ರಾಣಿ. "ಬ್ಯಾಗ್ ಕಟ್ಟಿ ಇಟ್ಟಿದ್ದೇನೆ."

ಸಭೆ ಗೊಳ್ಳೆಂದಿತು. ರಮಾನಾಥ ಬೆವರೊರೆಸಿಕೊಂಡು, ಹೋಗಬಹುದಿತ್ತು, ಆದರೆ ಕಾಂತಪ್ಪನಿಗೆ ಜ್ವರ, ದೋಸೆಕಲ್ಲಿನ ಮುಂದೆ ಯಾರೂ ಇಲ್ಲ ಎಂದು ತನ್ನ ನಾಲ್ಕನೆಯ ನೆಪವನ್ನು ಹೊರತೆಗೆದ.

"ನಾನಿದ್ದೇನಲ್ಲ ರಮಾನಾಥಣ್ಣ," ಎಂದು ಹಿಂದಿನ ಸಾಲಿನಿಂದ ಗಂಟೆಯಂಥ ಸ್ವರ ಕೇಳಿತು. ಕಾಂತಪ್ಪ ಬಟಾಟೆವಡೆ ತಿನ್ನುತ್ತ ಕೂತಿದ್ದ. ಜ್ವರವೇನೂ ಇರಲಿಲ್ಲ, ರಾಜೀವಿ ಅಕ್ಕ ಹೇಳಿದ್ದಕ್ಕೆ ಬೆಳಿಗ್ಗೆಯಿಂದ ಯಾರ ಹತ್ತಿರವೂ ಮಾತಾಡಲಿಲ್ಲ, ಭಾರೀ ಕಷ್ಟವಾಯಿತು ಎಂದ.

ಧನರಾಜ್ ಬೇರೆ ದಾರಿ ಕಾಣದೆ ಮಂಗಳ ಹಾಡಿದ. ನಿಖಿತಾ ಅಮ್ಮನ ಬಳಿ ಓಡಿ ಬಂದು, "ಅಮ್ಮಾ, ಅಗರ್ ಪಪ್ಪ ಸಚ್ಚಿ ನಿಂಗೆ ಸಾಯು ಅಂತ ಹೇಳಿದ್ರೆ?" ಎಂದು ಕೇಳಿದಳು.

"ಇಪ್ಪತ್ತಾರು ವರ್ಷದಲ್ಲಿ ನಾನು ಮಲಗಿದ್ದಾಗ ಒಂದು ಲೋಟ ನೀರು ಕೊಡು ಅಂತ ಎಬ್ಬಿಸಿದವರಲ್ಲ," ಎಂದಳು ರಾಜೀವಿ. "ಸಾಯು ಅಂತ ಹೇಳ್ತಾರಾ?"

ರಮಾನಾಥ ಸದ್ದಿಲ್ಲದೆ ಬಾಗಿಲ ಕಡೆ ಜರುಗುತ್ತಿದ್ದ. ಅಷ್ಟರಲ್ಲಿ ಅವನ ರಟ್ಟೆಗೆ ಒಂದು ಉಕ್ಕಿನ ಹಿಡಿತ ಬಿತ್ತು.

"ನಾಳೆ ಲೋಕಲ್‌ನ್ಯಾಗ ನಾನೂ ಬರ್ತೀನ್ರಿ," ಎಂದ ಹೆರಾಕ್ಲಿಸ್. "ಸಾವನ್ನ ಹಿಡಿಯಾಕ ಹದಿನೈದು ದಿನ ತಯಾರಿ ಮಾಡೀನಿ. ನೀವು ನಡುವ ಕುರ್ಲಾ ಸ್ಟೇಷನ್‌ನ್ಯಾಗ ಹೆಂಗ ಇಳದ್ ಓಡ್ತೀರಿ, ನೋಡೇಬಿಡ್ತೀನಿ."