ನೊಳಂಬವಾಡಿಯ ಬೀಗತನ

ರಾಜರು ಶಿವನ ಪಾದ ಸೇರಿದರು, ಅವರು ಕಟ್ಟಿದ ನಾಡುಗಳೂ ಅಳಿದವು. ಆದರೆ ‘ನಮ್ಮ ಸೀಮೆ, ನಿಮ್ಮ ಸೀಮೆ’ ಅನ್ನುವ ಮಾತು ಮಾತ್ರ ನಮ್ಮ ಕಡೆ ಅಳಿದಿಲ್ಲ. ಅದರಿಂದ ಏನಾದರೊಂದು ತಮಾಷೆ ಆಗುತ್ತಲೇ ಇರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರು ತಾಲ್ಲೂಕಿನ ಧರ್ಮಪುರದ ಹತ್ತಿರ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಪಕ್ಕದ ಮನೆಯ ಗೌಡಜ್ಜನ ಮೊಮ್ಮಗಳಿಗೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನ ರೈಲ್ವೆ ಹುಡುಗನ ಸಂಬಂಧ ಬಂತು. ಹುಡುಗಿಗೂ ಮನಸ್ಸಿತ್ತು. ಅಜ್ಜ ಮಾತ್ರ, “ಹೊಳಲ್ಕೆರೆ ಸೀಮೆಗೆ ನಾವು ಹೆಣ್ಣು ಕೊಟ್ಟೋರಲ್ಲ” ಎಂದು ಪಟ್ಟು ಹಿಡಿದ.

ಕೂಜದ ನೀರು

ಮನೆಯವರ ಕಾಟ ತಾಳದೆ ಅಜ್ಜ ಹುಡುಗನ ಮನೆ ನೋಡಲು ಹೊರಟ, ಜೊತೆಗೆ ನಾನು. ಬೇರೆ ಸೀಮೆಯ ನೀರು ಮುಟ್ಟಬಾರದೆಂದು ಊರ ಬಾವಿಯ ನೀರನ್ನೇ ಹಿತ್ತಾಳೆ ಕೂಜದಲ್ಲಿ ತುಂಬಿಕೊಂಡ. ಬಸ್ಸು ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಕೂಜ ಖಾಲಿ. ಚಿಕ್ಕಜಾಜೂರಿನಲ್ಲಿ ಹುಡುಗನ ತಾಯಿ ನೀರು ಕೊಟ್ಟರು, “ಬ್ಯಾಡ್ರಿ” ಅಂದ. ಮಜ್ಜಿಗೆ ಕೊಟ್ಟರು, ಗಟಗಟ ಚೊಂಬು ಇಳಿಸಿದ. ಹುಡುಗನನ್ನೂ ಮೆಚ್ಚಿದ, ಸಂಬಂಧ ಮಾತ್ರ ಆಗದೆಂದ.

“ಅಜ್ಜ, ಮಜ್ಜಿಗೆಯಲ್ಲಿ ಇದ್ದದ್ದೂ ಅಲ್ಲಿಯ ನೀರೇ ಅಲ್ಲವೇ?” ಎಂದೆ ಬರುವಾಗ.

“ನೀರಿಗೆ ಸೀಮೆ ಐತೆ ಮೇಷ್ಟ್ರೇ. ಎಮ್ಮೆಗೆಲ್ಲಿ ಸೀಮೆ?”

ದೇವರ ಜ್ವರ

ಅದೇ ವಾರ ಮೈಸೂರಿನಿಂದ ಶಾಸನ ಓದುವ ಪಂಡಿತರೊಬ್ಬರು ನೆಗಡಿಯಿಂದ ಸೀನುತ್ತಲೇ ಬಂದರು. ಈಶ್ವರನ ಗುಡಿ ಮುಂದಿನ ಶಾಸನದ ಕಲ್ಲನ್ನು ತೊಳೆದು, ಅಕ್ಷರದ ಅಚ್ಚು ತೆಗೆಯಲು ಒದ್ದೆ ಕಾಗದ ಅಂಟಿಸಿದರು. ಗೌಡಜ್ಜನ ಹೆಂಡತಿ ದಿನವೂ ಆ ಕಲ್ಲಿಗೆ ವಿಭೂತಿ ಹಚ್ಚುವವಳು. ಗಾಬರಿಬಿದ್ದಳು.

“ಅಯ್ಯೋ ಶಿವನೇ! ದ್ಯಾವ್ರಿಗೆ ಮೈ ಕಾದೈತೇನ್ರಿ? ಒದ್ದೆ ಬಟ್ಟೆ ಹಾಕೀರಲ್ಲ!”

ಓಡಿಹೋಗಿ ಮೆಣಸಿನ ಕಷಾಯ ತಂದಳು. ಕಲ್ಲಿಗೆ ಎಡೆ ತೋರಿಸಿದ ಮೇಲೆ ಪ್ರಸಾದವೆಂದು ಪಂಡಿತರೇ ಕುಡಿಯಬೇಕಾಯಿತು. ಸಂಜೆ ಕಾಗದ ಬಿಡಿಸಿದಾಗ ಅಜ್ಜಿ ಕೈ ಮುಗಿದಳು: “ಜ್ವರ ಬಿಡ್ತು!”

ನಾನೂ ಕೈ ಮುಗಿದೆ. ಪಂಡಿತರ ನೆಗಡಿಯೂ ಬಿಟ್ಟಿತ್ತು.

ಕಲ್ಲಿನ ತೀರ್ಪು

ಪಂಡಿತರು ಗುಡಿ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಹೇಳಿದರು: “ಈ ಕಲ್ಲು ಕೆತ್ತಿದ ಕಾಲಕ್ಕೆ ಇದೆಲ್ಲ ನೊಳಂಬ ರಾಜರ ನೊಳಂಬವಾಡಿ. ಧರ್ಮಪುರ, ದುರ್ಗ, ಹೊಳಲ್ಕೆರೆ, ಎಲ್ಲ ಒಂದೇ ನಾಡು.”

ನನಗೆ ಶಿವನೇ ಬಾಯಿ ಬಿಟ್ಟಂತಾಯಿತು. “ಅಜ್ಜ, ಕೇಳಿಸಿತೆ? ಒಂದೇ ಸೀಮೆ! ಇನ್ನೇನು ಅಡ್ಡಿ?”

ಕಂಬದ ಹಿಂದೆ ಮೊಮ್ಮಗಳ ಬಳೆ ಸದ್ದಾಯಿತು.

ಅಜ್ಜ ಮೀಸೆ ತೀಡುತ್ತ ಯೋಚಿಸಿದ. “ಒಂದೇ ನಾಡಿನ ಮಕ್ಕಳು ಅಂದ್ಮ್ಯಾಲೆ ಅಣ್ಣ-ತಂಗಿ ಆದಂಗಾತು. ಈಗಂತೂ ಆಗಂಗೇ ಇಲ್ಲ!”

ಬಳೆ ಸದ್ದು ನಿಂತಿತು. ಅಜ್ಜಿ ಎದ್ದಳು.

“ನನ್ನ ತೌರು ಇದೇ ಊರು, ನಿಮ್ಮ ಬೀದಿ ಕಡೇ ಮನೆ. ಹಂಗಾರೆ ಇಷ್ಟು ವರ್ಷ ನಾನು ನಿಮಗೇನಾಗಿದ್ದೆ? ಹೇಳ್ರಿ, ಅಣ್ಣಾ!”

ಸೇರಿದವರೆಲ್ಲ ಬಿದ್ದು ಬಿದ್ದು ನಕ್ಕರು. ಅಜ್ಜ ಕಲ್ಲನ್ನು ನೋಡಿದ, ಅಜ್ಜಿಯನ್ನು ನೋಡಿದ. ಆಮೇಲೆ ಪಂಡಿತರ ಕಡೆ ಬಗ್ಗಿ ಮೆಲ್ಲಗೆ ಕೇಳಿದ:

“ಸ್ವಾಮೇರೇ, ಆ ಕಲ್ಲಿನಾಗೆ ಮದುವೆಗೊಂದು ಒಳ್ಳೆ ಮುಹೂರ್ತ ಏನಾರ ಕೆತ್ಯಾರೇನು, ನೋಡ್ರಿ.”