ನಮ್ಮ ಮಾವನವರ ಬೆಕ್ಕಿನ ಪಂಕ್ತಿ

ಇಡೀ ಶಹಾಪುರ ತಾಲೂಕಿನಲ್ಲಿ ತಹಶೀಲ್ದಾರರ ಕಿವಿ ಹಿಂಡುವ ಎದೆಗಾರಿಕೆ ಇದ್ದವರು ಒಬ್ಬರೇ ಒಬ್ಬರು. ಅವರು ನನ್ನ ಮಾವ, ಅಂದರೆ ನನ್ನ ಗಂಡನ ತಂದೆ! ಯಾದಗಿರಿಯಿಂದ ಸೊಸೆಯಾಗಿ ಬಂದು ಆ ಮನೆಯ ಬಾಗಿಲಲ್ಲಿ ನಿಂತಾಗಲೇ ಅವರ ದನಿ ಕೇಳಿಸಿತು: "ಲೇ ತಹಶೀಲ್ದಾರ, ಹೊಸ ಸೊಸಿ ಬಂದಾಳ, ಅಡ್ಡ ಮಲಗಬ್ಯಾಡ, ಏಳಲೇ!" ಸೇರು ಒದೆಯಲು ಎತ್ತಿದ ನನ್ನ ಕಾಲು ಹಾಗೇ ನಿಂತಿತು. ಎಂಥ ಮನೆಗೆ ಕೊಟ್ಟೆಯಪ್ಪ ಎಂದುಕೊಂಡೆ. ನೋಡಿದರೆ ಹೊಸ್ತಿಲಾಚೆ ಒಂದು ದಪ್ಪ ಬೆಕ್ಕು, ಏಳುವ ವಿಚಾರವೇ ಇಲ್ಲದೆ ಕಾಲು ಚಾಚಿ ಮಲಗಿತ್ತು.

ಆಗ ನಿಜಾಮರ ಕಾಲ ಮುಗಿದು ಹೆಚ್ಚು ವರ್ಷವಾಗಿರಲಿಲ್ಲ. ಮಾವ ಸಾಲಿ ಮಾಸ್ತರರು. ಉರ್ದುವಿನಲ್ಲಿ ಕಲಿತು ಉರ್ದುವಿನಲ್ಲೇ ಕಲಿಸಿದವರು, ವಿಲೀನವಾದ ಮೇಲೆ ಮಕ್ಕಳ ಜೊತೆ ತಾವೂ ಕನ್ನಡದ ಒತ್ತಕ್ಷರ ತಿದ್ದುತ್ತಿದ್ದರು. ಕಚೇರಿಯ ಬೋರ್ಡು ಬದಲಾಯಿತು, ಕಿಸೆಯ ನಾಣ್ಯ ಬದಲಾಯಿತು, ಬೆಕ್ಕುಗಳು ಮಾತ್ರ ವಿಲೀನಕ್ಕೆ ಒಪ್ಪಲಿಲ್ಲ! "ಬಾ" ಎಂದರೆ ಕಿವಿ ಕೂಡ ಅಲುಗಿಸದವು, "ಆಯಿಯೇ ಜನಾಬ್" ಎಂದರೆ ಬಾಲವೆತ್ತಿ ಓಡಿ ಬರುತ್ತಿದ್ದವು. ಇದ್ದದ್ದು ಮೂರು: ತಹಶೀಲ್ದಾರ, ಪೇಶ್ಕಾರ, ಜವಾನ. ಜವಾನ ಹೆಣ್ಣೆಂದು ಮಾವನಿಗೆ ತಿಳಿದದ್ದು ಅದು ಮರಿ ಹಾಕಿದ ಮೇಲೆ. ಆಮೇಲೂ ಹುದ್ದೆ ಬದಲಾಗಲಿಲ್ಲ.

ಮೂರಕ್ಕೂ ಊಟ ಒಂದೇ ಹಿತ್ತಾಳೆ ಗಂಗಾಳದಲ್ಲಿ. ದಪ್ಪ ತಹಶೀಲ್ದಾರ ನೂಕುತ್ತದಲ್ಲ, ಪಾಪ, ಎಂದು ನಾನು ಒಮ್ಮೆ ಜವಾನನಿಗೆ ಸಣ್ಣ ಬಟ್ಟಲಲ್ಲಿ ಹಾಲು ಹಾಕಿದೆ. ಮಾವ ಬಂದವರೇ ಬಟ್ಟಲೆತ್ತಿ ಗಂಗಾಳಕ್ಕೆ ಸುರಿದರು.

"ಕಚೇರ್ಯಾಗ ತಹಶೀಲ್ದಾರಗ ಕುರ್ಚಿ, ಜವಾನಗ ನೆಲ. ನಮ್ಮ ಮನ್ಯಾಗ ಇಬ್ಬರಿಗೂ ಒಂದ ಗಂಗಾಳ. ಬ್ಯಾರೆ ಬಟ್ಟಲ ಅನ್ನೂದು ಇಲ್ಲಿ ನಡ್ಯಂಗಿಲ್ಲವ್ವ."

ಬೆಕ್ಕಿಗೂ ಪಂಕ್ತಿ ನ್ಯಾಯವೇ! ನಾನು ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಓಡಿ ನಕ್ಕೆ.

ನಗು ಬಹಳ ದಿನ ಉಳಿಯಲಿಲ್ಲ. ಆ ಬೇಸಿಗೆಯಲ್ಲಿ ಪೇಶ್ಕಾರ ವಾಂತಿ ಮಾಡಿಕೊಂಡು, ಕುಡಿಯದೆ ನೀರಿನ ಮುಂದೆ ತಲೆ ಜೋತು ಕೂತಿತು. ನಮ್ಮ ಕಡೆ ಕುರಿಯ ಹೊಟ್ಟೆಯಲ್ಲಿ ಹುಳವಾದರೆ ಮುತ್ತಲ ಬೀಜ ಅರೆದು ಕುಡಿಸುತ್ತಾರೆ. ಮಾವನೂ ಅದನ್ನೇ ಕುಡಿಸಿದರು. ಮೈಯೆಲ್ಲ ಪರಚಿಸಿಕೊಂಡರು. ಮರುದಿನ ಹುಳ ಬಿದ್ದವು ನೋಡಿ, ಮಾವನ ಸಂಭ್ರಮವೇ ಸಂಭ್ರಮ! "ಹುಳ ಹೋದ್ವು, ಬ್ಯಾನಿ ಹೋತು! ಪೇಶ್ಕಾರಗ ಆರಾಮಾತು!" ಎಂದು ಕೇರಿಗೆಲ್ಲ ಬೆಲ್ಲ ಹಂಚಿದರು. ಕಚೇರಿಯ ಪೇಶ್ಕಾರರು ಕಾಯಿಲೆ ಬಿದ್ದದ್ದು ಯಾವಾಗ ಎಂದು ಕೇರಿಯವರು ಕೇಳಿಕೊಂಡೇ ಬೆಲ್ಲ ತಿಂದರು. ಅಂದು ಸಂಜೆ ಪೇಶ್ಕಾರನನ್ನು ಮರ್ಯಾದೆಯಿಂದ ಮತ್ತೆ ಗಂಗಾಳಕ್ಕೆ ಕೂರಿಸಲಾಯಿತು. ಆ ವಾರ ದಾಟುವುದರೊಳಗೆ ಅದು ಸತ್ತಿತು.

ಬೆನ್ನಿಗೇ ತಹಶೀಲ್ದಾರ ಮಲಗಿತು. ನಾನು ತವರಿಗೆ ಹೊರಟಿದ್ದೆ. ಮಾವ ಅದನ್ನು ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ ನನ್ನ ಜೊತೆಗೇ ಯಾದಗಿರಿಯ ಬಸ್ಸು ಹತ್ತಿದರು.

"ಮಾಸ್ತರ್ರ, ಬುಟ್ಟ್ಯಾಗ ಏನದರಿ?" ಎಂದ ಕಂಡಕ್ಟರ್.

"ತಹಶೀಲ್ದಾರ!"

ಮುಂದಿನ ಸೀಟಿನ ಮುದುಕ ಗಾಬರಿಯಿಂದ ಎದ್ದು ನಿಂತು ರುಮಾಲು ಸರಿಮಾಡಿಕೊಂಡ. ಬಸ್ಸಿಗೆ ಬಸ್ಸೇ ನಕ್ಕಿತು. ಮಾವ ನಗಲಿಲ್ಲ. ಬಟ್ಟೆಯ ಸಂದಿಯಲ್ಲಿ ಕೈಯಿಟ್ಟು ಉಸಿರು ನೋಡುತ್ತಲೇ ಇದ್ದರು.

ದನದ ದವಾಖಾನೆಯ ಡಾಕ್ಟರು ಎತ್ತು ಕುರಿ ನೋಡುವವರು. ಆದರೂ ಬೆಕ್ಕನ್ನು ಮುಟ್ಟಿ ನೋಡಿದರು.

"ಮಾಸ್ತರ್ರ, ಬ್ಯಾನಿ ಒಂದಲ್ಲ, ಎರಡದಾವ. ಹುಳ ಕಣ್ಣಿಗಿ ಕಾಣ್ತಾವ. ಇನ್ನೊಂದು ಕಾಣಲಾರದ ವಿಷ, ವೈರಸ್ ಅಂತಾರ. ಹುಳ ಒಳಗ ಸೊರಗಿಸಿ ಇಟ್ಟಿರ್ತಾವ, ಮ್ಯಾಲ ಇದು ಬಂದು ಕುಂದರ್ತದ. ಹುಳಕ್ಕ ದವಾ ಅದ, ಇದಕ್ಕ ಇಲ್ಲ. ಒಂದರ ಎಂಜಲದಿಂದ ಇನ್ನೊಂದಕ್ಕ ಹತ್ತತದ. ಬ್ಯಾನಿ ಬಿದ್ದದ್ದನ್ನ ಹೊರಗಿಡ್ರಿ. ತಾಟು ಬ್ಯಾರೆ ಮಾಡ್ರಿ."

ಮಾವನ ಮುಖ ಕಪ್ಪಿಟ್ಟಿತು. "ಅದೊಂದು ಬಿಟ್ಟು ಬ್ಯಾರೆ ಇಲಾಜ್ ಹೇಳ್ರಿ," ಎಂದು ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಮಾವನ ಹಿಂದೆ ಹೊರಗೆ ನಡೆದೆ.

ಮಾವ ಯಾಕೆ ಹಾಗೆ ಎದ್ದು ಬಂದರೆಂದು ನನಗೆ ಗೊತ್ತಿತ್ತು. ಮಾವ ಸಣ್ಣವರಿದ್ದಾಗ ನಮ್ಮ ಕೇರಿಯ ಮಕ್ಕಳು ಸಾಲಿಯ ಹೊರಗೆ ಬಿಸಿಲಲ್ಲಿ ಕೂತು ಪಾಠ ಕೇಳಬೇಕಿತ್ತು. ಬಾಯಾರಿದರೆ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಮಾಸ್ತರರಾದ ಮೇಲೂ ಚಹಾದಂಗಡಿಯಲ್ಲಿ ಅವರ ಬಟ್ಟಲು ಗೋಡೆಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ರಾಜ್ಯ ಹೋಯಿತು, ರಾಜ್ಯ ಬಂತು, ಆ ಬಟ್ಟಲು ಗೂಡಿನಲ್ಲೇ ಇತ್ತು. ಯಾದಗಿರಿಯಲ್ಲಿ ನಮ್ಮಪ್ಪನ ಬಟ್ಟಲೂ ಹಾಗೆಯೇ. ಇಷ್ಟು ಗೊತ್ತಿದ್ದೂ ನಾನು ಆ ಗಂಗಾಳ ನೋಡಿ ನಕ್ಕಿದ್ದೆ.

ತವರಿನಿಂದ ಬರುವಷ್ಟರಲ್ಲಿ ತಹಶೀಲ್ದಾರ ಬೇವಿನ ಗಿಡದ ಕೆಳಗೆ ಮಣ್ಣಾಗಿತ್ತು. ಜವಾನ ಗಂಗಾಳದ ಮುಂದೆ ತಲೆ ಜೋತು ಕೂತಿತ್ತು, ಬಾಯಿಂದ ಜೊಲ್ಲು. ಮರಿಗಳಲ್ಲಿ ಉಳಿದದ್ದು ಒಂದೇ, ಅದೂ ಆಗಲೇ ಅದೇ ಗಂಗಾಳಕ್ಕೆ ಬಾಯಿ ಹಾಕಲು ಓಡುತ್ತಿತ್ತು. ಡಾಕ್ಟರು ಹೇಳಿದ್ದನ್ನು ನಾನು ಹೇಳುತ್ತಲೇ ಅತ್ತೆ ಆ ಮರಿಯನ್ನು ಎತ್ತಿ ಎದೆಗವಚಿಕೊಂಡರು. ಗಂಡನಿಗೆ ಎದುರಾಡಿದ್ದನ್ನು ನಾನು ಎಂದೂ ಕೇಳದ ಅತ್ತೆ!

"ಏನ್ರಿ, ಆಕಿನ್ನ ಹೊರಗಿಡ್ರಿ."

"ನನ್ನ ಕೈಲೆ ಆಗಂಗಿಲ್ಲ."

"ನಿಮ್ಮನ್ನ ಹೊರಗ ಕುಂದರಿಸಿದವರು ಯಾರ ಜೀವಾನೂ ಉಳಸಾಕ ಕುಂದರಿಸಿದ್ದಿಲ್ಲ. ಈ ಮರಿ ಉಳೀಬೇಕಂದ್ರ ಆಕಿನ್ನ ಹೊರಗಿಡಬೇಕ್ರಿ."

ಮಾವ ಜವಾನನನ್ನು ಧೋತರದ ಸೆರಗಿನಲ್ಲಿ ಸುತ್ತಿಕೊಂಡು ಹೊರಗಿನ ಕಟ್ಟೆಗೆ ಹೋದರು. ಒಂದು ಮಣ್ಣಿನ ಬಟ್ಟಲಲ್ಲಿ ಹಾಲು ರೊಟ್ಟಿ ಕಿವಿಚಿ ಅದರ ಮುಂದಿಟ್ಟರು. ಒಳಗೆ ಬಂದರು, ನನ್ನ ಕೈಯಿಂದ ತಮ್ಮ ರೊಟ್ಟಿಯ ತಾಟು ಇಸಿದುಕೊಂಡು ಮತ್ತೆ ಹೊರಗೆ ಹೋದರು.

"ಮಾವಾರ, ಒಳಗ ಉಣ್ರಿ, ಬಿಸಲ ಅದ," ಎಂದೆ.

"ಹೊರಗ ಒಬ್ಬಾಕೇ ಉಣಬಾರದವ್ವ," ಎಂದರು.

ನಮ್ಮಲ್ಲಿ ಸೊಸೆ ಮಾವನೆದುರು ಕೂತು ಉಣ್ಣುವುದಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಮರಿಯನ್ನು ಹಿಡಿದುಕೊಂಡೇ, ಹೋಗು ಎಂದು ತಲೆಯಾಡಿಸಿದರು. ನನ್ನ ತಾಟು ಹಿಡಿದು ಕಟ್ಟೆಗೆ ಹೋದೆ. ಮಾವ ತಲೆ ಎತ್ತಲಿಲ್ಲ, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಜವಾನ ಒಂದು ತುತ್ತೂ ತಿನ್ನಲಿಲ್ಲ. ನಾವಿಬ್ಬರೂ ಅದರ ಪಕ್ಕ ಕೂತು, ಅಳುತ್ತಲೇ, ಉಂಡೆವು.